ಆಫ್ ಸ್ಟಂಪಿನ ಹೊರಗೆ

ಏನೂ ಭಯ ಬೇಡ ಸರ್ ಎಂದು ಸುದರ್ಶನ್ ಫೋನಿನಲ್ಲಿ ಹೇಳಿದ್ದು ಚಂದ್ರಹಾಸನ ಗಂಟಲಿನಲ್ಲಿ ಬೆಳಗಿನ ಇಡ್ಲಿಯ ಜೊತೆ ಸಿಕ್ಕಿಕೊಂಡಿತ್ತು. ಟೆನ್ನಿಸ್ ಬಾಲ್ ಸರ್, ಅಂಡರ್ ಆರ್ಮ್ ಸರ್, ನಾನೇ ಹಾಕ್ತೀನಿ ಸರ್, ನೀವು ಸುಮ್ನೆ ಬ್ಯಾಟು ಮುಟ್ಟಿಸಿದ್ರೆ ಸಾಕು, ಫೋಟೋ ತಗೋತೀವಿ, ಚಪ್ಪಾಳೆ ಹೊಡೀತೀವಿ, ಏನೂ ಭಯ ಬೇಡ ಸರ್. ಸುದರ್ಶನ್ ಯಾವುದೋ ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು, ನೈರೋಬಿಯ ಕನ್ನಡ ಸಂಘಕ್ಕೆ ಈ ಸಾಲಿನ ಅಧ್ಯಕ್ಷ. ಸಂಘದ ವಾರ್ಷಿಕ ಕ್ರಿಕೆಟ್ ದಿನ ದೀಪ ಹಚ್ಚುವ ಬದಲು ಮುಖ್ಯ ಅತಿಥಿ ಮೊದಲ ಬಾಲನ್ನು ಎದುರಿಸುವುದು ಬಹಳ ಕಾಲದಿಂದ ನಡೆದು ಬಂದ ಪದ್ಧತಿ. ಹೋದ ಸಲ ಬಂದಿದ್ದ ಬ್ಯಾಂಕ್ ಮ್ಯಾನೇಜರೊಬ್ಬರು ಬ್ಯಾಟನ್ನು ಹಿಂದುಮುಂದಾಗಿ ಹಿಡಿದು ಬಾಲನ್ನು ಗೂಟಕ್ಕೇ ತಳ್ಳಿಕೊಂಡಿದ್ದರು; ಅದಕ್ಕೂ ಚಪ್ಪಾಳೆ ಬಿದ್ದಿತ್ತು. ಅದಕ್ಕೂ ಹಿಂದೆ ಊರಿನಿಂದ ಬಂದಿದ್ದ ಸ್ವಾಮಿಗಳು ಬ್ಯಾಟನ್ನು ಮುಟ್ಟದೆ, ಬಾಲಿಗೇ ಅಕ್ಷತೆ ಹಾಕಿ ಆಶೀರ್ವಾದ ಮಾಡಿ ಕಳಿಸಿದ್ದರು. ಈಗ ಆ ಸಾಲಿನಲ್ಲಿ ತಾನು. ಆದರೆ ಅವರ್ಯಾರೂ ಆಡಿದವರಲ್ಲ. ತಾನು ಆಡಿದವನು. ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಈ ದೇಶಕ್ಕೆ ಬಂದು, ಕೂದಲು ಕಪ್ಪಗಿದ್ದಷ್ಟು ಕಾಲ ಪ್ರತಿ ಭಾನುವಾರ ನೈರೋಬಿ ಲೀಗಿನ ಎರಡನೇ ಡಿವಿಷನ್ನಿನಲ್ಲಿ ಆಡಿದವನು. ಅಂಥವನಿಗೆ ಅಂಡರ್ ಆರ್ಮ್! ಹಲ್ಲಿಲ್ಲದವನಿಗೆ ಬಾಳೆಹಣ್ಣು ಕಿವುಚಿ ಕೊಟ್ಟ ಹಾಗೆ. ಒಂದು ಬಾಲು, ಒಂದೇ ಒಂದು ನಿಜವಾದ ಬಾಲು ಹಾಕಿಸಿಕೊಳ್ಳದೆ ಇವತ್ತು ಮೈದಾನ ಬಿಟ್ಟು ಬರುವುದಿಲ್ಲ ಎಂದು ಚಂದ್ರಹಾಸ ಬಚ್ಚಲುಮನೆಯ ಕನ್ನಡಿಯ ಮುಂದೆ ತೀರ್ಮಾನ ಮಾಡಿದ. ತೀರ್ಮಾನ ಮಾಡುವಾಗ ಬಾಯಲ್ಲಿ ಟೂತ್‌ಪೇಸ್ಟಿನ ನೊರೆ ಇದ್ದುದರಿಂದ ಅದಕ್ಕೆ ಬರಬೇಕಾದಷ್ಟು ಗಾಂಭೀರ್ಯ ಬರಲಿಲ್ಲ.

ಬಿಳಿ ಪ್ಯಾಂಟು ಸೊಂಟಕ್ಕೆ ಬರಲಿಲ್ಲ. ಬರುತ್ತದೆಂದು ಅವನೂ ನಂಬಿರಲಿಲ್ಲ, ಆದರೂ ಉಸಿರು ಬಿಗಿಹಿಡಿದು ಪ್ರಯತ್ನಪಟ್ಟ. ವಿನೋದಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬೂದು ಪ್ಯಾಂಟು ಹಾಕ್ಕೊಳ್ರೀ, ಅದರ ಮೇಲೆ ಶಾಲು ಹೊದಿಸ್ತಾರೆ, ಯಾರಿಗೆ ಕಾಣತ್ತೆ?" ಕಾಣುವ ಪ್ರಶ್ನೆಯಲ್ಲ ಇದು ಎಂದು ಹೇಳಹೊರಟವನಿಗೆ ಉಸಿರು ಬಿಡಬೇಕಾಗಿ ಬಂದು, ಗುಂಡಿ ಹಾರಿ ಮಂಚದ ಕೆಳಗೆ ಹೋಯಿತು. ಅವಳು ಅದನ್ನು ಹುಡುಕಲೂ ಹೋಗದೆ, ಬೆಲ್ಟು ತಂದು ಪ್ಯಾಂಟಿನ ಮೇಲೆ ಬಿಗಿದು, ಅಂಗಿಯನ್ನು ಹೊರಗೆಳೆದು ಬಿಟ್ಟಳು. ಅವಳಿಗೆ ಇವತ್ತು ಬೇರೆ ತಲೆಬಿಸಿ ಇತ್ತು. ಇಡೀ ಸಂಘಕ್ಕೆ ಬಿಸಿಬೇಳೆಬಾತು ಅವಳ ಜವಾಬ್ದಾರಿ. ನೈರೋಬಿಯಲ್ಲಿ ಅವಳ ಬಾಳು ಹೀಗೆಯೇ ಕಳೆದಿತ್ತು ಎಂದು ಚಂದ್ರಹಾಸನಿಗೆ ಒಮ್ಮೊಮ್ಮೆ ಅನ್ನಿಸಿ ಕಸಿವಿಸಿಯಾಗುತ್ತದೆ. ಲೀಗಿನ ದಿನಗಳಲ್ಲಿ ಆತಿಥೇಯ ತಂಡದ ಹೆಂಗಸರೇ ಎರಡೂ ಕಡೆಯವರಿಗೆ ಊಟ ಮಾಡಿ ಬಡಿಸಬೇಕಿತ್ತು. ಗಂಡಸರು ಬಿಳಿ ಬಟ್ಟೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರೆ ವಿನೋದಿನಿ, ತಂಡದ ಗೆಳೆಯ ಆಲ್ಫ್ರೆಡ್‌ನ ಹೆಂಡತಿ ವಿಮಲಾ, ಇನ್ನೂ ಒಂದಿಬ್ಬರು ಪೆವಿಲಿಯನ್ನಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಪೂರಿ ಕರಿಯುತ್ತಿದ್ದರು. ಸಂಜೆ ಕಾರಿನಲ್ಲಿ ಮನೆಗೆ ಬರುವಾಗ ಅವಳ ಸೀರೆಯಿಂದ ಎಣ್ಣೆಯ ವಾಸನೆ, ಇವನ ಕಿಟ್ಟಿನಿಂದ ಬೆವರಿನ ವಾಸನೆ, ಮಾತಿಲ್ಲ. ಇವನ ಮೌನಕ್ಕೆ ಕಾರಣ ಹೆಚ್ಚಿನ ವಾರ ಒಂದೇ, ಬೇಗ ಔಟಾಗಿರುತ್ತಿದ್ದ. ಅವಳದಕ್ಕೆ ಕಾರಣ ಏನೆಂದು ಕೇಳಬೇಕೆಂದು ಅವನಿಗೆ ಆಗ ಹೊಳೆದಿರಲಿಲ್ಲ.

ಮನೆಯಿದ್ದ ಕಿಲೆಲೆಶ್ವಾದಿಂದ ಮೈದಾನವಿದ್ದ ಸೌತ್ ಸಿಗೆ ಭಾನುವಾರ ಬೆಳಗ್ಗೆ ದೂರವಲ್ಲ. ಹಿಂದಿನ ಸೀಟಿನಲ್ಲಿ ಬಿಸಿಬೇಳೆಬಾತಿನ ಡಬರಿಗೆ ಸೀಟ್ ಬೆಲ್ಟು ಕಟ್ಟಲಾಗಿತ್ತು. ವಿನೋದಿನಿ ಅದರ ಪಕ್ಕ ಕೂತು ಮುಚ್ಚಳ ಒತ್ತಿ ಹಿಡಿದಿದ್ದಳು, "ನಿಧಾನ ರೀ, ತುಪ್ಪ ಚೆಲ್ಲತ್ತೆ" ಎನ್ನುತ್ತಿದ್ದಳು. ನಿಧಾನದ ವಿಷಯದಲ್ಲಿ ಯಾರೂ ಅವನಿಗೆ ಬುದ್ಧಿ ಹೇಳಬೇಕಾಗಿರಲಿಲ್ಲ. ಆ ಕಾಲದಲ್ಲಿ ಅವನು ಬ್ಯಾಟು ಹಿಡಿದು ನಡೆದು ಬಂದರೆ ಬೇಲಿಯಾಚೆ ಕಡಲೆಕಾಯಿ ತಿನ್ನುತ್ತಾ ಕೂತವರು ಪೋಲೆ ಪೋಲೆ ಎಂದು ತಾಳ ಹಾಕುತ್ತಿದ್ದರು, ನಿಧಾನವಪ್ಪಾ ನಿಧಾನ ಎಂದು. ಹೊಡೆಯುವುದು ಅವನ ಆಟವೇ ಆಗಿರಲಿಲ್ಲ. ಬಿಡುವುದು ಅವನ ಆಟ. ಆಫ್ ಸ್ಟಂಪಿನ ಹೊರಗೆ ಹೋಗುವ ಬಾಲನ್ನು, ಬ್ಯಾಟು ಮೇಲೆತ್ತಿ, ಬೇಡದ ನೆಂಟನನ್ನು ಬಸ್ಸು ಹತ್ತಿಸುವಷ್ಟು ಗೌರವದಿಂದ ಕಳಿಸಿಕೊಡುವುದು. ಇದು ಆಟವೇ ಅಲ್ಲ ಎಂದು ತಂಡದಲ್ಲೇ ಅನ್ನುವವರಿದ್ದರು. ಆದರೆ ಒಂದು ಸಲ, ಕಪ್ಪಿನ ಪಂದ್ಯವೊಂದರಲ್ಲಿ, ಮೊದಲನೇ ಡಿವಿಷನ್ನಿನವರ ಎದುರು ಆಡುವ ಭಾಗ್ಯ ಬಂದಾಗ, ಕಿಸುಮು ಕಡೆಯ ಆಳೆತ್ತರದ ವೇಗದ ಬೌಲರ್ ಒಬ್ಬ ಇಡೀ ಬೆಳಗ್ಗೆ ಇವನಿಗೆ ಬಾಲು ಹಾಕಿದ್ದ. ಇವನು ಇಡೀ ಬೆಳಗ್ಗೆ ಬಿಟ್ಟಿದ್ದ. ಮ್ಯಾಟಿನ ಮೇಲೆ ಬಿದ್ದ ಬಾಲು ಕಿವಿಯ ಪಕ್ಕ ಗುಯ್‌ಗುಟ್ಟಿ ಹೋಗುತ್ತಿತ್ತು, ಇವನು ಕದಲಲಿಲ್ಲ. ಊಟದ ಹೊತ್ತಿಗೆ ಆ ಮನುಷ್ಯ ಹತ್ತಿರ ಬಂದು ಭುಜ ತಟ್ಟಿ, "ಮ್ವಾಲಿಮು, ಯೂ ಆರ್ ಎ ವೆರಿ ಡಿಫಿಕಲ್ಟ್ ಮ್ಯಾನ್" ಎಂದ. ಮ್ವಾಲಿಮು ಎಂದರೆ ಮೇಷ್ಟ್ರು. ಮೇಷ್ಟ್ರೇ, ನೀವು ಬಲು ಕಷ್ಟದ ಮನುಷ್ಯ. ಚಂದ್ರಹಾಸನ ಆಟದ ಬದುಕಿನಲ್ಲಿ ಸಿಕ್ಕ ಒಂದೇ ಒಂದು ಪ್ರಶಸ್ತಿ ಅದು. ಶೆಡ್ಡಿಗೆ ಓಡಿ ಹೋಗಿ ವಿನೋದಿನಿಗೆ ಹೇಳಿದರೆ, ಅವಳು ಜಾಲರಿ ಸೌಟಿನಿಂದ ಪೂರಿ ಎತ್ತುತ್ತಾ, ಅದು ನಂಗೆ ಮದುವೆಯಾದ ವಾರವೇ ಗೊತ್ತಾಗಿತ್ತು ಅಂದಿದ್ದಳು. ಮರುದಿನದ ಪತ್ರಿಕೆಯಲ್ಲಿ ಪಂದ್ಯದ ಸುದ್ದಿ ಬಂದಿತ್ತು. ಕ್ಯಾಪ್ಟನ್ನಿನ ಹೆಸರು, ಆಲ್ಫ್ರೆಡ್‌ನ ಹೆಸರು, ಎದುರಾಳಿಗಳಲ್ಲಿ ಹಲವರ ಹೆಸರು ಹಾಕಿ, ಉಳಿದವರಿಂದ ಹೇಳಿಕೊಳ್ಳುವಂಥ ಆಟ ಬರಲಿಲ್ಲ ಎಂದು ಮುಗಿಸಿದ್ದರು. ಉಳಿದವರು. ಮೊಂಬಾಸಾ ರಸ್ತೆಗೆ ತಿರುಗುವಾಗ ಮಟಾಟು ಎಂಬ ಬಾಡಿಗೆ ವ್ಯಾನೊಂದು ಡಬರಿಯ ಪಕ್ಕದಲ್ಲೇ ನುಗ್ಗಿ ಹೋಗಿ, ಅದರ ಹಾಡಿನ ಅಬ್ಬರಕ್ಕೆ ಕಾರಿನ ಗಾಜು ನಡುಗಿತು, ವಿನೋದಿನಿ ಚಾಲಕನಿಗೆ ಅಚ್ಚ ಮಂಡ್ಯದ ಕನ್ನಡದಲ್ಲಿ ಬೈದಳು.

ಮೈದಾನದಲ್ಲಿ ಶಾಮಿಯಾನ ಹಾಕಿಯಾಗಿತ್ತು. ಹೊಸದಾಗಿ ಬಂದ ಹುಡುಗರು ಬೆಂಗಳೂರಿನ ಐಪಿಎಲ್ ಅಂಗಿ ತೊಟ್ಟು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಿದ್ದರು. ಅವರ ಮಕ್ಕಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಆಚೆಯ ಅಕೇಶಿಯಾ ಮರದ ನೆತ್ತಿಯಲ್ಲಿ ಮಾರಾಬೂ ಕೊಕ್ಕರೆಗಳು ಬೋಳುತಲೆ ಬಾಗಿಸಿ ಕೆಳಗೆ ನೋಡುತ್ತಿದ್ದವು, ಬಾತಿನ ವಾಸನೆ ಅವಕ್ಕೂ ಮುಟ್ಟಿರಬೇಕು. ಚಂದ್ರಹಾಸ ಕಾರಿನಿಂದ ಇಳಿದದ್ದೇ ಇಬ್ಬರು ಹುಡುಗರು ಎರಡು ಕಡೆಯಿಂದ ತೋಳು ಹಿಡಿದರು. "ಮೆಟ್ಟಿಲು ಇದೆ ಸರ್, ಹುಷಾರು." ಮೆಟ್ಟಿಲು ಇರಲಿಲ್ಲ, ಒಂದು ಹುಲ್ಲಿನ ದಿಬ್ಬ ಇತ್ತು. ಅವನನ್ನು ಅದರ ಮೇಲೆ ಹತ್ತಿಸಿ ಇಳಿಸಿ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ನೆರಳಿಗೆ ಎಳೆದು, ನೆರಳು ಸಾಲದೆಂದು ಇನ್ನೂ ಹಿಂದಕ್ಕೆ ಎಳೆದು, ಕೊನೆಗೆ ಮೈದಾನವೇ ಕಾಣದಷ್ಟು ಒಳಗೆ ಇಟ್ಟರು. ಅಲ್ಲಿಂದ ಕಾಣುತ್ತಿದ್ದದ್ದು ಸ್ಪೀಕರ್ ಡಬ್ಬದ ಹಿಂಭಾಗ ಮಾತ್ರ. ಸುದರ್ಶನ್ ಮೈಕು ಹಿಡಿದು ಪರಿಚಯ ಶುರುಮಾಡಿದ. "ಕೀನ್ಯಾ ಕ್ರಿಕೆಟ್ಟಿನ ಧ್ರುವತಾರೆ, ನಮ್ಮೆಲ್ಲರ ಹೆಮ್ಮೆಯ ಚಂದ್ರಹಾಸ ಸರ್..." ಚಂದ್ರಹಾಸನಿಗೆ ಮೈ ಉರಿಯಿತು. ನೈರೋಬಿ ಭೂಮಧ್ಯರೇಖೆಯಿಂದ ಕೆಳಗಿದೆ, ಇಲ್ಲಿಂದ ಧ್ರುವನಕ್ಷತ್ರ ಕಾಣುವುದೇ ಇಲ್ಲ ಎಂದು ಎದ್ದು ಹೇಳಬೇಕೆನ್ನಿಸಿತು. ಆಮೇಲೆ, ಕಾಣದೇ ಇರುವ ನಕ್ಷತ್ರ ಎಂದರೆ ತನ್ನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲವಲ್ಲ ಎನ್ನಿಸಿ ಸುಮ್ಮನಾದ. ಶಾಲು ಬಂತು, ಹಾರ ಬಂತು, ಗಂಧದ ಹಾರದ ಮೇಲೊಂದು ಏಲಕ್ಕಿ ಹಾರ ಬಂತು, ಮೈಸೂರು ಪೇಟ ಬಂತು. ಪೇಟ ಚಿಕ್ಕ ತಲೆಯವನಿಗೆ ಮಾಡಿಸಿದ್ದು, ನೆತ್ತಿಯ ಮೇಲೆ ಕೂತು ಅತ್ತಿಂದಿತ್ತ ತೂಗುತ್ತಿತ್ತು. ಚಪ್ಪಾಳೆ ಬಿತ್ತು. ಈ ಜನ ಒಳ್ಳೆಯವರು ಎಂದು ಅವನಿಗೆ ಗೊತ್ತಿತ್ತು, ಅದೇ ಕಷ್ಟವಾಗಿತ್ತು. ಕೆಟ್ಟವರಾಗಿದ್ದರೆ ಜಗಳವಾಡಿ ಒಂದು ಬಾಲು ಕಿತ್ತುಕೊಳ್ಳಬಹುದಿತ್ತು. ಪ್ರೀತಿಯಿಂದ ಮುದಿಯನನ್ನಾಗಿ ಮಾಡುವವರ ಹತ್ತಿರ ಏನೆಂದು ಜಗಳವಾಡುವುದು?

"ಎಂತ ಮಾರಾಯ, ಮದುಮಗನ ಹಾಗೆ ಕಾಣ್ತಾ ಇದ್ದಿ" ಎಂದಿತು ಒಂದು ದನಿ. ಅಂಪೈರಿನ ಬಿಳಿ ಕೋಟು ಹಾಕಿ ಆಲ್ಫ್ರೆಡ್ ನಿಂತಿದ್ದ. ಮಂಗಳೂರಿನವನು, ಡಾಕ್ಟರು, ಹಳೆಯ ತಂಡದ ವಿಕೆಟ್ ಕೀಪರ್, ಸೌತ್ ಸಿಯಲ್ಲೇ ಮನೆ. ಆ ಕೋಟನ್ನು ನೋಡಿದೊಡನೆ ಚಂದ್ರಹಾಸನಿಗೆ ಹಳೆಯ ಜಗಳ ನೆನಪಾಯಿತು. ಎರಡನೇ ಡಿವಿಷನ್ನಿಗೆ ಲೀಗಿನವರು ಅಂಪೈರುಗಳನ್ನು ಕಳಿಸುತ್ತಿರಲಿಲ್ಲ. ಬ್ಯಾಟು ಮಾಡುವ ತಂಡದವರೇ, ಔಟಾಗಿ ಬಂದವರೋ ಇನ್ನೂ ಸರದಿ ಬಾರದವರೋ, ಕೋಟು ಹಾಕಿ ನಿಲ್ಲಬೇಕಿತ್ತು. ತನ್ನ ತಂಡದವನಿಗೆ ತಾನೇ ಬೆರಳೆತ್ತುವ ಪಾಪಿ ಯಾರೂ ಇರಲಿಲ್ಲವಾದ್ದರಿಂದ ಆ ಡಿವಿಷನ್ನಿನಲ್ಲಿ ಎಲ್‌ಬಿಡಬ್ಲ್ಯು ಎಂಬುದೇ ಇರಲಿಲ್ಲ. ಒಬ್ಬ ಪಾಪಿ ಇದ್ದ. ಗೆದ್ದರೆ ಮೊದಲನೇ ಡಿವಿಷನ್ನಿಗೆ ಏರುವ ಪಂದ್ಯ, ಕೊನೆಯ ಗಳಿಗೆ, ಬಾಲು ಬಂದು ಚಂದ್ರಹಾಸನ ಪ್ಯಾಡಿಗೆ ಬಡಿಯಿತು, ಎದುರು ತಂಡದವರು ಬಾಯಿ ತೆರೆದು ಇನ್ನೂ ಹೌ ಎನ್ನುವಷ್ಟರಲ್ಲಿ ಆಲ್ಫ್ರೆಡ್‌ನ ಬೆರಳು ಆಕಾಶಕ್ಕೆ ಎದ್ದಿತ್ತು. ತಂಡ ಮೇಲೇರಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಚಂದ್ರಹಾಸ ಬಹಳ ದಿನ ಆಲ್ಫ್ರೆಡ್‌ನ ಜೊತೆ ಮಾತು ಬಿಟ್ಟಿದ್ದ. ವಿಮಲಾ ನೀರುದೋಸೆ ತಂದು ರಾಜಿ ಮಾಡಿಸಿದಳು. ಮಾತು ಬಂದರೂ ವಾದ ಹೋಗಲಿಲ್ಲ. ಇವತ್ತಿಗೂ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರೆ ಉಪ್ಪಿನ ಡಬ್ಬಿ ಆಫ್ ಸ್ಟಂಪಾಗಿ, ಚಮಚ ಬ್ಯಾಟಾಗಿ, ಉಪ್ಪಿನಕಾಯಿಯ ತುಂಡು ಬಾಲಾಗಿ ಮೇಜಿನ ಮೇಲೆ ಆ ಬಾಲನ್ನು ಮತ್ತೆ ಹಾಕಲಾಗುತ್ತಿತ್ತು. ಹೊರಗೆ ಬಿದ್ದಿತ್ತು ಎಂದು ಇವನು, ಮಧ್ಯದ ಗೂಟ ಮಾರಾಯ ಎಂದು ಅವನು. ಆಲ್ಫ್ರೆಡ್ ಬೆರಳೆತ್ತುವ ಮನುಷ್ಯ, ಅದರಲ್ಲಿ ಸಂಶಯವಿಲ್ಲ. ಇಡೀ ಮೈದಾನದಲ್ಲಿ ಇವತ್ತು ನಂಬಬಹುದಾದವನು ಇವನೊಬ್ಬನೇ ಎಂದು ಥಟ್ಟನೆ ಹೊಳೆದು ಚಂದ್ರಹಾಸನಿಗೆ ಆಶ್ಚರ್ಯವಾಯಿತು.

"ಆಲ್ಫ್ರೆಡ್, ನಂಗೆ ಒಂದು ಸರಿಯಾದ ಬಾಲು ಬೇಕು."

"ಎಂತಕ್ಕೆ? ಒಂದು ಕಣ್ಣಿನ ಪೊರೆ ಹಾಗೇ ಉಂಟು. ನಿನ್ನ ಇಸಿಜಿ ನೋಡಿದವ ನಾನು."

"ಇಸಿಜಿ ಬ್ಯಾಟು ಹಿಡಿಯಲ್ಲ."

"ಅದೂ ಹೌದು" ಎಂದು ಆಲ್ಫ್ರೆಡ್ ನಕ್ಕು ಪಿಚ್ಚಿನ ಕಡೆ ನಡೆದ. ಹೂಂ ಎಂದನೋ ಊಹೂಂ ಎಂದನೋ ತಿಳಿಯಲಿಲ್ಲ.

ಕ್ರೀಸಿನಲ್ಲಿ ನಿಲ್ಲಿಸುವಾಗ ಪೇಟ ಶಾಲು ಹಾರ ಒಂದನ್ನೂ ತೆಗೆಯಗೊಡಲಿಲ್ಲ, ಫೋಟೋಗೆ ಬೇಕಂತೆ. ಪ್ಯಾಡು ಯಾಕೆ ಸರ್ ಎಂದು ಕೇಳಿದರೂ ಅವನು ಪ್ಯಾಡು ಕಟ್ಟಿಕೊಂಡೇ ಬಂದಿದ್ದ. ಬಗ್ಗಿ ಗಾರ್ಡ್ ಕೇಳಿದ, ಮಿಡ್ಲ್ ಅಂಡ್ ಲೆಗ್. ಆಲ್ಫ್ರೆಡ್ ಗಂಭೀರವಾಗಿ ಕೈ ತೋರಿಸಿದ. ಬೂಟಿನ ತುದಿಯಿಂದ ಗೆರೆ ಎಳೆಯುವಾಗ ಮೊಣಕಾಲು ಕಟಕ್ ಎಂದಿತು, ಆದರೆ ತಲೆ ಬಾಗಿಸಿ ಕಣ್ಣೆತ್ತಿದ ಗಳಿಗೆ ಎಲ್ಲ ತಣ್ಣಗಾಯಿತು. ಅದೇ ನೈರೋಬಿಯ ಹಿತವಾದ ಬಿಸಿಲು, ಬೇಲಿ, ಧೂಳು, ಬ್ಯಾಟಿನ ಹಿಡಿಯ ಮೇಲೆ ಬೆರಳುಗಳು ತಮ್ಮಷ್ಟಕ್ಕೇ ಹೋಗಿ ಕೂತ ಜಾಗ. ಸುದರ್ಶನ್ ಸೂಟಿನಲ್ಲೇ ಬಂದು, ನೆಲಕ್ಕೆ ಬಗ್ಗಿ, ಹಸಿರು ಟೆನ್ನಿಸ್ ಬಾಲನ್ನು ನಾಯಿಮರಿಗೆ ಉರುಳಿಸುವಂತೆ ಉರುಳಿಸಿದ. ಬಾಲು ಹುಲ್ಲಿನ ಮೇಲೆ ಯೋಚನೆ ಮಾಡುತ್ತಾ ಬಂತು. ಚಂದ್ರಹಾಸ ಬಲಗಾಲನ್ನು ಅಡ್ಡ ಇಟ್ಟು, ಬ್ಯಾಟನ್ನು ಭುಜದ ಮೇಲಕ್ಕೆ ಎತ್ತಿ, ಅದನ್ನು ಬಿಟ್ಟ. ಬಾಲು ಗೂಟದ ಪಕ್ಕದಲ್ಲಿ ಸಾಗಿ ಎಲ್ಲೋ ನಿಂತಿತು. ಎತ್ತಿದ ಕೈಗಳು ಚಪ್ಪಾಳೆ ಹೊಡೆಯಲಾಗದೆ ಗಾಳಿಯಲ್ಲೇ ನಿಂತವು. "ಹೊಡೀಬೇಕು ಸರ್" ಎಂದ ಸುದರ್ಶನ್, ಕಿವಿ ಕೇಳದವರಿಗೆ ಹೇಳುವಷ್ಟು ಜೋರಾಗಿ.

"ಆಫ್ ಸ್ಟಂಪಿನ ಹೊರಗಿತ್ತು."

"ಸರ್?"

"ಹೊರಗೆ ಹೋಗೋ ಬಾಲು ನಾನು ಆಡಲ್ಲ."

ಎರಡನೆಯದನ್ನು ಸುದರ್ಶನ್ ಇನ್ನೂ ಪ್ರೀತಿಯಿಂದ ಉರುಳಿಸಿದ. ಚಂದ್ರಹಾಸ ಅದನ್ನೂ ಬಿಟ್ಟ, ಪೇಟ ಕಿವಿಯ ಕಡೆ ವಾಲಿತು, ಫೋಟೋ ತೆಗೆಯುವವನು ಲೆನ್ಸಿನ ಮುಚ್ಚಳ ಹಾಕಿದ. ಶಾಮಿಯಾನದಲ್ಲಿ ಗುಸುಗುಸು ಶುರುವಾಯಿತು. ಮರೆವಿನ ಕಾಯಿಲೆ ಇರಬಹುದು ಎಂದು ಯಾರೋ ಮೆಲ್ಲಗೆ ಅಂದದ್ದು ಪಿಚ್ಚಿನವರೆಗೂ ಕೇಳಿಸಿತು. ಅವನ ಮುಖ ಬಿಸಿಯಾಯಿತು. ಸಾಕು, ಒಂದನ್ನು ತಟ್ಟಿ ಹೋಗಿ ಬಾತು ತಿನ್ನು ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಆ ಮೂಲೆಗೆ ಯಾವಾಗಲೂ ವಿನೋದಿನಿಯ ದನಿ ಇರುತ್ತಿತ್ತು. ಅವಳೆಲ್ಲಿ ಎಂದು ನೋಡಿದ. ದೂರದಲ್ಲಿ, ಊಟದ ಮೇಜಿನ ಹಿಂದೆ, ಯಾರದೋ ತಟ್ಟೆಗಳನ್ನು ಒರೆಸುತ್ತಾ ತಲೆ ತಗ್ಗಿಸಿದ್ದಳು.

"ಸುದರ್ಶನ್, ನೀವು ಒಳ್ಳೇ ಮನುಷ್ಯ. ಆದ್ರೆ ಬೌಲರ್ ಅಲ್ಲ. ಅಮಿತ್‌ಗೆ ಕೊಡಿ. ಲೆದರ್ ಬಾಲು ಕೊಡಿ."

ಅಮಿತ್ ಬೆಂಗಳೂರಿನಿಂದ ಹೊಸದಾಗಿ ಬಂದವನು, ನೀರಿನ ಕೆಲಸ ಮಾಡುವ ಯಾವುದೋ ಎನ್‌ಜಿಓದವನು, ಸಂಘದಲ್ಲಿ ನಿಜವಾಗಿ ಬಾಲು ಹಾಕಬಲ್ಲ ಒಬ್ಬನೇ ಎಂದು ಚಂದ್ರಹಾಸ ಹಿಂದೊಮ್ಮೆ ಅವನು ಅಭ್ಯಾಸ ಮಾಡುವುದನ್ನು ಕಂಡೇ ಗುರುತು ಹಚ್ಚಿದ್ದ. ಹುಡುಗ ಕೆಂಪು ಬಾಲು ಹಿಡಿದು ಬಂದು ಹೆದರಿಕೊಂಡು ನಿಂತ. "ಸರ್, ಸ್ಲೋ ಆಗಿ ಹಾಕ್ತೀನಿ ಸರ್."

"ನಿಮ್ಮ ತಾತಂಗೆ ಹಾಕು ಸ್ಲೋ ಆಗಿ. ನಂಗೆ ನೀನು ಹಾಕೋದು ಹಾಕು."

ಅಮಿತ್ ಸುದರ್ಶನನನ್ನು ನೋಡಿದ, ಸುದರ್ಶನ್ ಆಲ್ಫ್ರೆಡ್‌ನನ್ನು ನೋಡಿದ, ಆಲ್ಫ್ರೆಡ್ ಮರದ ಮೇಲಿನ ಕೊಕ್ಕರೆಗಳನ್ನು ನೋಡಿದ. ಚಂದ್ರಹಾಸ ಶಾಲನ್ನು ಕಳಚಿ, ಹಾರಗಳನ್ನು ಕಳಚಿ, ಪೇಟ ತೆಗೆದು ಎಲ್ಲವನ್ನೂ ಒಟ್ಟಾಗಿ ಸುದರ್ಶನನ ಕೈಗೆ ಕೊಟ್ಟ. ಅಧ್ಯಕ್ಷರು ಅವನ್ನು ಎತ್ತಿಕೊಂಡು, ಬಸ್ ನಿಲ್ದಾಣದಲ್ಲಿ ಬೇರೆಯವರ ಮಗುವನ್ನು ಹಿಡಿದು ನಿಂತವರಂತೆ ಪಕ್ಕಕ್ಕೆ ಸರಿದರು. ಅಮಿತ್ ಹಿಂದೆ ಹಿಂದೆ ನಡೆದು ತಿರುಗಿದ. ಓಡಿ ಬರುವಾಗ ಹುಡುಗನ ಮುಖ ಬದಲಾದದ್ದು ಚಂದ್ರಹಾಸನಿಗೆ ಒಳ್ಳೆಯ ಕಣ್ಣಿನಲ್ಲಿ ಕಂಡಿತು. ಹೆದರಿಕೆ ಹೋಗಿತ್ತು, ವಿನಯ ಹೋಗಿತ್ತು, ಎದುರಿಗೆ ಯಾರಿದ್ದಾರೆಂಬುದೇ ಹೋಗಿತ್ತು. ಮೂರು ಗೂಟಗಳನ್ನು ಮಾತ್ರ ನೋಡುತ್ತಾ ಬರುತ್ತಿದ್ದ. ಎಷ್ಟು ಕಾಲವಾಯಿತು ಯಾರಾದರೂ ತನ್ನ ಕಡೆಗೆ ಹೀಗೆ ಬಂದು! ಚಂದ್ರಹಾಸನಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ, ನಾಲಿಗೆ ಒಣಗಿಸುವಂಥದ್ದು, ಅದರ ಜೊತೆಗೇ ಸುದರ್ಶನನ ಭಯ ಬೇಡ ಎಂಬ ಮಾತಿನ ಮೇಲಿದ್ದ ಸಿಟ್ಟೆಲ್ಲ ಕರಗಿ ಹೋಯಿತು. ಬಾಲು ಕೈ ಬಿಟ್ಟಿತು. ಹೊರಗೆ, ಆಫ್ ಸ್ಟಂಪಿನ ಹೊರಗೆ, ಇಷ್ಟು ವರ್ಷ ನೋಡಿದ ಕಣ್ಣಿಗೆ ಅಷ್ಟು ತಿಳಿಯದೇ? ಬ್ಯಾಟನ್ನು ಘನತೆಯಿಂದ ಮೇಲೆತ್ತಿದ. ಬಾಲು ನೆಲಕ್ಕೆ ಬಿದ್ದು, ಒಳಕ್ಕೆ ತಿರುಗಿ, ಆಫ್ ಸ್ಟಂಪನ್ನು ಬೇರುಸಹಿತ ಕಿತ್ತು ಹಿಂದಕ್ಕೆ ಎಸೆಯಿತು.

ಅಮಿತ್ ಖುಷಿಯಿಂದ ಎರಡೂ ಕೈ ಎತ್ತಿದವನು, ನೆನಪಾಗಿ, ಆ ಕೈಗಳನ್ನೇ ಜೋಡಿಸಿ ನಮಸ್ಕಾರ ಮಾಡಿದ. "ಸಾರಿ ಸರ್! ತುಂಬಾ ಸಾರಿ ಸರ್!" ಶಾಮಿಯಾನದಿಂದ ಯಾರೋ ನೋ ಬಾಲ್ ಎಂದು ಕೂಗಿದರು, ಇನ್ನಾರೋ ಸೇರಿಕೊಂಡರು, ಹೆಂಗಸರು ಮಕ್ಕಳೆಲ್ಲ ಚಪ್ಪಾಳೆಯ ತಾಳಕ್ಕೆ ನೋ ಬಾಲ್ ನೋ ಬಾಲ್ ಎನ್ನತೊಡಗಿದರು. ಸುದರ್ಶನ್ ಪೇಟವನ್ನು ಕಂಕುಳಿಗೆ ಸಿಕ್ಕಿಸಿ ಮೈಕಿನಲ್ಲಿ ಘೋಷಿಸಿದ: "ಮುಖ್ಯ ಅತಿಥಿಗಳು ಔಟಾಗಲು ಸಾಧ್ಯವೇ ಇಲ್ಲ!" ಚಂದ್ರಹಾಸ ಆ ಗದ್ದಲದ ನಡುವೆ ಆಲ್ಫ್ರೆಡ್‌ನನ್ನೇ ನೋಡುತ್ತಿದ್ದ. ಎತ್ತು. ಎತ್ತಪ್ಪಾ ಬೆರಳು. ಆಲ್ಫ್ರೆಡ್ ಜನರನ್ನು ನೋಡಿದ, ಬಿದ್ದ ಗೂಟವನ್ನು ನೋಡಿದ, ಗೆಳೆಯನ ಎದೆಯ ಎಡಭಾಗವನ್ನು ಡಾಕ್ಟರನ ಕಣ್ಣಲ್ಲಿ ನೋಡಿದ. ಬಲಗೈಯನ್ನು ಪಕ್ಕಕ್ಕೆ ಚಾಚಿದ. ನೋ ಬಾಲ್.

"ಆಲ್ಫ್ರೆಡ್! ಅವತ್ತು ಅಷ್ಟು ಸಲೀಸಾಗಿ ಕೊಟ್ಟೆ. ಇವತ್ತು ಏನಾಗಿದೆ ನಿಂಗೆ?"

"ಇವತ್ತು ಬೇಡ ಮಾರಾಯ. ಜನ ನೋಡು ಎಷ್ಟು ಖುಷಿಯಲ್ಲಿ ಉಂಟು."

"ಗೂಟ ಎಲ್ಲಿದೆ ನೋಡೋ!"

"ಗೂಟ ಹುಗಿಯುವವ ಸಡಿಲ ಹುಗಿದಿರಬೇಕು."

ತನ್ನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಾಗಿಲ್ಲ ಎಂದು ಚಂದ್ರಹಾಸನಿಗೆ ಅನ್ನಿಸಿತು, ಆ ಎಲ್‌ಬಿಡಬ್ಲ್ಯು ಸೇರಿಸಿಕೊಂಡು. ಅವತ್ತು ಆಲ್ಫ್ರೆಡ್ ಔಟು ಕೊಟ್ಟಿದ್ದ, ತನ್ನನ್ನು ಔಟು ಕೊಡಬೇಕಾದಷ್ಟು ದೊಡ್ಡ ಮನುಷ್ಯನೆಂದು ತಿಳಿದಿದ್ದ. ಕಣ್ಣು ತುಂಬಿ ಬಂತು. ಅವನು ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ, ಗ್ಲೌಸು ಬಿಚ್ಚುತ್ತಾ, ಶಾಮಿಯಾನದ ಕಡೆ ನಡೆಯತೊಡಗಿದ. ಅಂಪೈರು ಹೇಳುವ ಮುಂಚೆ ಆಟಗಾರ ತಾನಾಗಿ ನಡೆಯುವುದು ಎರಡನೇ ಡಿವಿಷನ್ನಿನಲ್ಲಿ ಯಾರೂ ಕಂಡು ಕೇಳದ ಸಂಗತಿ, ಅವನೂ ಮಾಡಿದವನಲ್ಲ. ಈಗ ನಡೆದ. ಆದರೆ ನೋಡುವವರಿಗೆ ಕಂಡದ್ದು ಬೇರೆ: ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಎದೆಯ ಹತ್ತಿರ ಗ್ಲೌಸು ಎಳೆದುಕೊಳ್ಳುತ್ತಾ ಮುದುಕನೊಬ್ಬ ಬರುತ್ತಿದ್ದಾನೆ. ನೈರೋಬಿಯ ಕನ್ನಡ ಸಂಘದಲ್ಲಿ ಅರ್ಧಕ್ಕರ್ಧ ಡಾಕ್ಟರುಗಳು. ಅವರೆಲ್ಲ ಒಟ್ಟಿಗೆ ಎದ್ದರು. ಒಬ್ಬರು ಕುರ್ಚಿ ತಂದರು, ಒಬ್ಬರು ಬೆನ್ನಿನ ಹಿಂದೆ ಇನ್ನೊಂದು ಕುರ್ಚಿ ತಂದರು, ಡಾಕ್ಟರ್ ಚಿನ್ಮಯಿ ಎಂಬ ಹುಡುಗಿ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು, ಡೆಂಜಿಲ್ ಎಂಬ ಮೂಳೆ ಡಾಕ್ಟರು ಬೇರೇನೂ ತೋಚದೆ ಮೊಣಕಾಲು ಒತ್ತಿದ. ಎಡಗೈ ನೋಯ್ತಾ ಇದೆಯಾ ಅಂಕಲ್, ದವಡೆ ನೋಯ್ತಾ ಇದೆಯಾ, ಬೆವರಿದ್ದೀರಾ, ಆಂಬುಲೆನ್ಸಿಗೆ ಹೇಳೋಣವಾ.

"ನಾನು ಔಟಮ್ಮ" ಎಂದ ಚಂದ್ರಹಾಸ.

"ಇಲ್ಲ ಅಂಕಲ್, ನೀವು ನಾಟೌಟ್, ನೀವು ಆರಾಮಾಗಿರಿ" ಎಂದಳು ಚಿನ್ಮಯಿ, ಮಗುವಿಗೆ ಹೇಳುವ ದನಿಯಲ್ಲಿ. ಪಲ್ಸ್ ಜಾಸ್ತಿ ಇದೆ ಎಂದು ಯಾರಿಗೋ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಅವನು ಏಳಹೋದ, ನಾಲ್ಕಾರು ಕೈಗಳು ಕೂರಿಸಿದವು. ಇವರು ತನ್ನನ್ನು ಔಟಾಗಲೂ ಬಿಡುವುದಿಲ್ಲ, ಸಾಯಲೂ ಬಿಡುವುದಿಲ್ಲ, ಹೀಗೇ ನೋ ಬಾಲ್ ಕೊಟ್ಟು ಕೊಟ್ಟು ಕುರ್ಚಿಯಲ್ಲಿ ಕೂರಿಸಿರುತ್ತಾರೆ ಎಂದು ಅವನಿಗೆ ದಿಗಿಲಾಯಿತು.

"ದಾರಿ ಬಿಡಿ ಸ್ವಲ್ಪ." ವಿನೋದಿನಿ ಸೌಟು ಹಿಡಿದುಕೊಂಡೇ ಬಂದಿದ್ದಳು. ಸೌಟಿನಿಂದ ಬಾತು ಡೆಂಜಿಲ್‌ನ ಬೂಟಿನ ಮೇಲೆ ತೊಟ್ಟಿಕ್ಕಿತು. "ಅವರ ಕೈ ಬಿಡಮ್ಮ ಚಿನ್ಮಯಿ. ಏನೂ ಆಗಿಲ್ಲ ಅವರಿಗೆ."

"ಆಂಟೀ, ಪಲ್ಸು..."

"ಬೌಲ್ಡ್ ಆಗಿದಾರೆ. ಬೌಲ್ಡ್ ಆದ ದಿನ ಅವರು ಹಾಗೇ ಇರೋದು. ಅಲ್ಲಿ ಗೂಟ ಬಿದ್ದಿರೋದು ನಿಮಗ್ಯಾರಿಗೂ ಕಾಣಿಸ್ಲಿಲ್ವಾ? ಹೋಗಿ, ಎಲ್ಲರೂ ಹೋಗಿ ಆಟ ಶುರು ಮಾಡಿ. ಊಟಕ್ಕೆ ಲೇಟಾಗತ್ತೆ."

ಡಾಕ್ಟರುಗಳು ಬೈಸಿಕೊಂಡ ಮಕ್ಕಳ ಹಾಗೆ ಚದುರಿದರು. ಚಂದ್ರಹಾಸನಿಗೆ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು, ಇಷ್ಟು ಹಗುರ ಅವನು ಶತಕ ಹೊಡೆದರೂ ಆಗುತ್ತಿರಲಿಲ್ಲ; ಹೊಡೆದಿರಲೂ ಇಲ್ಲ. ಅವನನ್ನು ಔಟು ಮಾಡಿದವಳು ಪಕ್ಕದ ಕುರ್ಚಿಯಲ್ಲಿ ಕೂತು, ಅವನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಪ್ಯಾಡಿನ ಪಟ್ಟಿ ಬಿಚ್ಚತೊಡಗಿದಳು. ಮೈದಾನದಲ್ಲಿ ಗೂಟ ಮತ್ತೆ ಹುಗಿದು ಆಟ ಶುರುವಾಯಿತು. ಅವನಿಗೆ ಮಾತಾಡಬೇಕೆನ್ನಿಸಿತು.

"ಒಳಗೆ ಬಂತು ಕಣೇ. ಹೊರಗೆ ಬಿದ್ದದ್ದು ಅಷ್ಟು ಒಳಗೆ ಬಂತು. ಆ ಬಾಲಿಗೆ ಯಾರಿದ್ರೂ ಔಟೇ."

"ಕಾಲು ಮುಂದೆ ಹೋಗ್ಲಿಲ್ಲ ನಿಮ್ದು" ಎಂದಳು ವಿನೋದಿನಿ, ತಲೆಯೆತ್ತದೆ.

"ಏನಂದೆ?"

"ಎಡಗಾಲು. ಮುಂದೆ ಹೋಗ್ಬೇಕಿತ್ತು, ಹೋಗ್ಲಿಲ್ಲ. ನಿಂತಲ್ಲೇ ನಿಂತು ಬ್ಯಾಟೆತ್ತಿದ್ರಿ."

ಅವನಿಗೆ ರೇಗಿಹೋಯಿತು. ತಗಡಿನ ಶೆಡ್ಡಿನಲ್ಲಿ ಪೂರಿ ಕರಿದವಳು ತನ್ನ ಕಾಲಿನ ಬಗ್ಗೆ ಮಾತಾಡುವುದೆಂದರೇನು! "ಹೋಗಿತ್ತು. ಮೊಣಕಾಲು ನೋವಿರೋದ್ರಿಂದ ಸ್ವಲ್ಪ ಕಮ್ಮಿ ಹೋಗಿರಬಹುದು ಅಷ್ಟೇ."

"ಮೊಣಕಾಲು ಚೆನ್ನಾಗಿದ್ದಾಗ ಹೋಗ್ತಿತ್ತಾ? ಯಾವತ್ತೂ ಹೋಗ್ತಿರ್ಲಿಲ್ಲ. ಒಳಗೆ ಬರೋ ಬಾಲು ಅಂದ್ರೆ ನೀವು ಔಟು. ವಿಮಲಾನೂ ನಾನೂ ಮೊದಲೇ ಹೇಳ್ತಿದ್ವಿ, ಈಗ ಬರ್ತಾರೆ ನೋಡು, ಇನ್ನೊಂದು ತಟ್ಟೆ ತೆಗೆದಿಡು ಅಂತ."

"ನೀನೆಲ್ಲಿ ನೋಡಿದ್ದೆ?"

"ನೋಡದೆ ಏನು? ಒಲೆ ಇದ್ದದ್ದೇ ಮೈದಾನದ ಕಡೆಗೆ. ಪೂರಿ ಎಣ್ಣೇಲಿ ತನ್ನಷ್ಟಕ್ಕೆ ಉಬ್ಬತ್ತೆ, ಅದನ್ನೇನು ನೋಡ್ತಾ ಕೂರೋದು? ಎಷ್ಟು ಪೂರಿ ಸೀದು ಹೋಗಿದೆ ನಿಮ್ಮಿಂದ."

ಅವಳು ಎರಡನೇ ಪ್ಯಾಡಿಗೆ ಕೈ ಹಾಕಿದಳು. "ಮತ್ತೆ ಆಲ್ಫ್ರೆಡ್ ಕೊಟ್ಟ ಆ ಎಲ್‌ಬಿಡಬ್ಲ್ಯು?" ಎಂದು ಅವನು ಮೆಲ್ಲಗೆ ಕೇಳಿದ, ಇಷ್ಟು ವರ್ಷ ಊಟದ ಮೇಜಿನಲ್ಲಿ ಒಮ್ಮೆಯೂ ಅವಳನ್ನು ಕೇಳದಿದ್ದದ್ದನ್ನು. ವಿನೋದಿನಿ ಪಟ್ಟಿಯ ಕೊಂಡಿಯನ್ನು ಹಲ್ಲಿನಿಂದ ಸಡಿಲಿಸಿ, ಸೆರಗಿಗೆ ತುಟಿ ಒರೆಸಿಕೊಂಡು, ಸ್ವಲ್ಪ ಯೋಚನೆ ಮಾಡಿದಳು. "ಮಧ್ಯದ ಗೂಟ" ಎಂದಳು.